ಮುಟ್ಟಿದರೆ ಮುನಿ ಅರಿಷ್ಟ

ಎಂಟು ಭಾನುವಾರ ಒಂದೇ ಸಮನೆ ಆಫೀಸಿಗೆ ಹೋದವಳ ತಲೆ ನೆಟ್ಟಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಂಬತ್ತರ ದಶಕದ ಮಾತು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್. ಕೆಲಸ ಟೆಂಪರರಿ. ಕಾಯಂ ಆಗುವವರ ಪಟ್ಟಿ ಮ್ಯಾನೇಜರ್ ಕೈಯಲ್ಲಿತ್ತು. ಅದರ ಆಸೆ ತೋರಿಸಿ ಅವರು ನನ್ನ ಭಾನುವಾರಗಳನ್ನೆಲ್ಲ ನುಂಗಿ ನೀರು ಕುಡಿದಿದ್ದರು. "ಇದೊಂದು ವಾರ ಬಂದ್ಬಿಡಮ್ಮ" ಎನ್ನುತ್ತಿದ್ದರು. ಆ ಒಂದು ವಾರ ಮುಗಿಯುತ್ತಲೇ ಇರಲಿಲ್ಲ.

ಬಸವೇಶ್ವರನಗರದ ಮನೆಯಲ್ಲಿ ಗೋಳು ಹೇಳಿಕೊಂಡರೆ ಅತ್ತೆ ಸೊಪ್ಪು ಹಾಕುತ್ತಿರಲಿಲ್ಲ. ಅವರು ಹೆಗ್ಗನಹಳ್ಳಿಯ ಬೇಸಾಯದ ಮನೆಯಿಂದ ಬಂದವರು. "ದನಕ್ಕೆ ಭಾನುವಾರ ಗೊತ್ತಾ? ಇವತ್ತು ಹಾಲು ಕರೀಬೇಡಿ ಅನ್ನುತ್ತಾ?" ಎಂದು ಬಾಯಿ ಮುಚ್ಚಿಸಿಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಹೆಂಗಸು ಹಗಲು ಹೊತ್ತಿನಲ್ಲಿ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಊಟವನ್ನೂ ಒಲೆಯ ಕಟ್ಟೆಗೆ ಒರಗಿ ನಿಂತೇ ಮುಗಿಸುತ್ತಿದ್ದರು.

ಆಗ ಕಾರ್ಖಾನೆಗೆ ಹೊಸ ಮಷೀನು ಕೂರಿಸಲು ಹೊರದೇಶದ ಎಂಜಿನಿಯರ್ ಒಬ್ಬ ಬಂದಿದ್ದ. ಅವನ ವರದಿಗಳನ್ನೆಲ್ಲ ಟೈಪ್ ಮಾಡಿದವಳು ನಾನು. ಭಾನುವಾರವೂ ನಾನು ಟೈಪ್ ಕುಟ್ಟುವುದನ್ನು ನೋಡಿ ಅವನಿಗೆ ಕರುಳು ಚುರುಕ್ ಎಂದಿರಬೇಕು. ಊರಿಗೆ ಹೊರಡುವ ದಿನ ಹಸಿರು ಬಾಟಲಿಯೊಂದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ, ಜೊತೆಗೊಂದು ಚೀಟಿ. ದ್ರಾಕ್ಷಿಯದು, ಗುಳ್ಳೆ ಬರುತ್ತದೆ. ಭಾನುವಾರ ತಿಂಡಿಯೂ ಅಲ್ಲದ ಊಟವೂ ಅಲ್ಲದ ಹೊತ್ತಿನಲ್ಲಿ, ಕಿತ್ತಳೆ ರಸಕ್ಕೆ ಸಮಸಮ ಬೆರೆಸಿ, ಕೂತು ಕುಡಿಯಬೇಕು. ಆ ದಿನ ಕೆಲಸ ಮಾಡಕೂಡದು. ಕೊನೆಯಲ್ಲಿ ಆ ಪಾನೀಯದ ಹೆಸರು: ಮಿಮೋಸ.

ಬಾಟಲಿಯಲ್ಲಿ ಏನಿದೆ ಎಂದು ತಿಳಿಯದಷ್ಟು ಪೆದ್ದಿ ನಾನಲ್ಲ. ಆದರೂ ಆಫೀಸಿನ ನಿಘಂಟು ತೆಗೆದು ಮಿಮೋಸ ಎಂದರೇನು ಎಂದು ನೋಡಿದೆ. ಮುಟ್ಟಿದರೆ ಮುನಿ ಗಿಡ, ಎಂದಿತ್ತು. ಬೇಲಿಯ ಪಕ್ಕ ಬೆಳೆದು ಕೈ ತಗುಲಿದರೆ ಎಲೆ ಮಡಚಿಕೊಳ್ಳುವ ಗಿಡ.

ಮನೆಯಲ್ಲಿ ಅತ್ತೆ ಬಾಟಲಿ ಹಿಡಿದು, "ಏನೇ ಇದು?" ಎಂದರು. ನಾನು ಸುಳ್ಳೇನೂ ಹೇಳಲಿಲ್ಲ. "ದ್ರಾಕ್ಷಿಯಿಂದ ಮಾಡಿದ್ದು ಅತ್ತೆ. ಮುಟ್ಟಿದರೆ ಮುನಿ ಅಂತ ಹೆಸರು" ಎಂದು ಚೀಟಿ ಓದಿದೆ.

ಅತ್ತೆ ದಿನಾ ಎರಡು ಚಮಚ ದ್ರಾಕ್ಷಾರಿಷ್ಟ ಕುಡಿಯುವವರು. ಚೀಟಿ ಕೇಳುತ್ತಾ ತಲೆದೂಗಿದರು. "ಅರಿಷ್ಟ ಕಣೇ. ಕಿತ್ತಳೆ ರಸದಲ್ಲಿ ಅನುಪಾನ. ನಮ್ಮ ಪಂಡಿತರು ಜೇನಲ್ಲಿ ಕೊಡ್ತಾರೆ. ಕೆಲಸ ಮಾಡಬಾರದು ಅನ್ನೋದು ಪಥ್ಯ. ಮುಟ್ಟಿದರೆ ಮುನಿ ಮೂಲವ್ಯಾಧಿಗೆ ರಾಮಬಾಣ. ಪಾಪ, ಆ ಮನುಷ್ಯನಿಗೆ ಇದ್ದಿರಬೇಕು."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಆದರೆ ಪಥ್ಯ ಎಂಬ ಮಾತು ಮನಸ್ಸಿನಲ್ಲಿ ನಿಂತಿತು. ಆ ಶನಿವಾರ ಮ್ಯಾನೇಜರ್ "ಇದೊಂದು ವಾರ" ಎಂದಾಗ, "ಆಗಲ್ಲ ಸಾರ್, ಔಷಧಿ ತಗೋಬೇಕು" ಎಂದುಬಿಟ್ಟೆ. ಅವರು ಪಟ್ಟಿಯ ಫೈಲನ್ನು ಡ್ರಾಯರಿಗೆ ಸರಿಸಿ ಬೀಗ ಹಾಕಿದರು. ರಾತ್ರಿಯೆಲ್ಲ ನನಗೆ ಆ ಬೀಗದ ಸದ್ದೇ ಕೇಳುತ್ತಿತ್ತು.

ಭಾನುವಾರ ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟಾಯಿತು. ಕಿತ್ತಳೆ ಹಿಂಡಿ ಸೋಸಿಟ್ಟೆ. ಬಾಟಲಿ ರಾತ್ರಿಯಿಂದ ನೀರಿನ ತೊಟ್ಟಿಯಲ್ಲಿ ತಣ್ಣಗಾಗಿತ್ತು. ನಾನು ಬಿರಡೆಯ ಮೇಲಿನ ತಂತಿ ಬಿಚ್ಚಿದ್ದೇ ತಡ, ಅತ್ತೆ ಕೈಯಿಂದ ಕಿತ್ತುಕೊಂಡು, "ಅರಿಷ್ಟ ಅಲ್ಲಾಡಿಸದೆ ಕುಡೀತಾರಾ? ಗಸಿ ಎಲ್ಲಾ ತಳದಲ್ಲೇ ಉಳಿಯುತ್ತೆ" ಎಂದು ಮಜ್ಜಿಗೆ ಕಡೆಯುವ ತೋಳಿನಿಂದ ಕುಲುಕಿದರು.

ಢಮಾರ್ ಎಂದಿತು. ಬಿರಡೆ ಅಟ್ಟದ ಮೇಲಿನ ಹಪ್ಪಳದ ಡಬ್ಬಕ್ಕೆ ಬಡಿದು, ಡಬ್ಬ ಕೆಳಗೆ ಬಂತು. ಸ್ನಾನಕ್ಕೆ ಹೊರಟಿದ್ದ ನನ್ನ ಗಂಡ ಟವೆಲಿನಲ್ಲೇ ಓಡಿಬಂದು ಗ್ಯಾಸ್ ಸಿಲಿಂಡರ್ ಆಫ್ ಮಾಡಿ, ಅದೇ ವೇಷದಲ್ಲಿ ಬೀದಿಗೆ ಹೋಗಿ ಅಕ್ಕಪಕ್ಕದವರನ್ನು ಹೊರಗೆ ಕರೆದರು. ಅತ್ತೆ ಮಾತ್ರ ಉಪ್ಪಿಟ್ಟಿನ ಮೇಲೂ ಗೋಡೆಯ ಮೇಲೂ ನೊರೆ ಇಳಿಯುತ್ತಿದ್ದರೂ ಕದಲದೆ ನಿಂತಿದ್ದರು. "ಒಳ್ಳೇ ಪವರ್ ಇದೆ" ಎಂದರು.

ಉಳಿದ ಅರ್ಧ ಬಾಟಲಿಯನ್ನು ಕಿತ್ತಳೆ ರಸಕ್ಕೆ ಬೆರೆಸಿದೆವು. ಚೀಟಿಯಲ್ಲಿ ಕೂತು ಕುಡಿಯಬೇಕು ಎಂದಿತ್ತಲ್ಲ, ಅತ್ತೆ ಕುರ್ಚಿ ಎಳೆದು ಕೂತರು. ಗುಳ್ಳೆ ಮೂಗಿಗೆ ಹತ್ತಿ ಸೀನಿದರು. ಎರಡನೇ ಗುಟುಕಿಗೆ ಕಾಲು ಚಾಚಿದರು. ಇಷ್ಟು ರುಚಿಯಾದದ್ದನ್ನು ನಾನು ಅಲ್ಲಿಯವರೆಗೆ ಕುಡಿದಿರಲಿಲ್ಲ, ಇಷ್ಟು ಹಾಯಾಗಿಯೂ ಕೂತಿರಲಿಲ್ಲ.

ಅಷ್ಟರಲ್ಲಿ ಗೇಟಿನಲ್ಲಿ ಸ್ಕೂಟರ್ ನಿಂತಿತು. ಮ್ಯಾನೇಜರ್. ನಾನು ಲೋಟವನ್ನು ಕುರ್ಚಿಯ ಕೆಳಗೆ ಸರಿಸಿದೆ. ಪಟ್ಟಿಯೂ ಹೋಯಿತು, ಕೆಲಸವೂ ಹೋಯಿತು ಎಂದುಕೊಂಡೆ.

"ಅರ್ಜೆಂಟ್ ಇದೆ ಅಮ್ಮ, ಸೊಸೇನ ಕಳಿಸಿ" ಎಂದರು.

"ಆಗಲ್ಲ ಸ್ವಾಮಿ. ಔಷಧಿ ಕುಡಿದಿದಾಳೆ, ಇವತ್ತು ಪಥ್ಯ" ಎಂದರು ಅತ್ತೆ.

"ಏನು ಔಷಧಿ?"

"ಮುಟ್ಟಿದರೆ ಮುನಿ ಅರಿಷ್ಟ. ಮೂಲವ್ಯಾಧಿಗೆ."

ನಾನು ನೆಲ ನೋಡಿದೆ. ಆಫೀಸಿನಲ್ಲಿ ಅವರು ಗಾಳಿ ತುಂಬಿದ ರಬ್ಬರ್ ದಿಂಬಿನ ಮೇಲೆ ಕೂರುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಮ್ಯಾನೇಜರ್ ಮೆತ್ತಗಾದರು. "ನಿಜವಾಗ್ಲೂ ಹಿಡಿಯುತ್ತಾ ಅಮ್ಮ?" ಎಂದರು.

ಅತ್ತೆ ಸ್ಟೀಲ್ ಲೋಟ ತುಂಬಿಸಿ ಕೊಟ್ಟರು. ಅವರು ಒಂದು ಗುಟುಕು ಕುಡಿದು, ಲೋಟ ನೋಡಿ, ನನ್ನನ್ನು ನೋಡಿ, ಅಷ್ಟನ್ನೂ ಕುಡಿದರು. "ಇನ್ನೊಂದು ಡೋಸ್ ತಗೋಬಹುದಾ?" ಎಂದರು. ಅದೂ ಆದ ಮೇಲೆ ಅತ್ತೆ, "ಈಗ ನಿಮಗೂ ಪಥ್ಯ. ಆಫೀಸಿಗೆ ಹೋದ್ರೆ ಔಷಧಿ ತಿರುಗಿ ಹೊಡೆಯುತ್ತೆ" ಎಂದು ಸ್ಕೂಟರಿನ ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. ನಮ್ಮ ಪಡಸಾಲೆಯ ಚಾಪೆಯ ಮೇಲೆ ಮ್ಯಾನೇಜರ್ ಸಂಜೆ ಐದರವರೆಗೆ ಗೊರಕೆ ಹೊಡೆದರು.

ಸೋಮವಾರ ಅವರು ಬಾಗಿಲು ಮುಚ್ಚಿ ನನ್ನನ್ನು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. "ಆ ಅರಿಷ್ಟ ಎಲ್ಲಿ ಸಿಗುತ್ತಮ್ಮ?" ಎಂದರು. ಆ ಧೈರ್ಯ ಎಲ್ಲಿಂದ ಬಂತೋ ಕಾಣೆ. "ಭಾನುವಾರ ಕೆಲಸ ಮಾಡೋರಿಗೆ ಅದು ಹಿಡಿಯಲ್ವಂತೆ ಸಾರ್" ಎಂದೆ. ಯುಗಾದಿಗೆ ಬಂದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ, ಮುಂದಿನ ವರ್ಷದ್ದರಲ್ಲಿತ್ತು. ಭಾನುವಾರ ಬಾ ಎಂದು ಮಾತ್ರ ಮತ್ತೆ ಕರೆಯಲಿಲ್ಲ.

ಆ ಸೋಮವಾರದ ನಂತರ ಬಂದ ಭಾನುವಾರ ಬಟ್ಟೆಯ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದರೆ, ಬಿಸಿಲಿನಲ್ಲಿ ಎರಡು ಕುರ್ಚಿ ಹಾಕಿತ್ತು. ಒಂದರಲ್ಲಿ ಅತ್ತೆ ಕೂತಿದ್ದರು. ಕೈಯಲ್ಲಿ ಎರಡು ಲೋಟ, ಬರೀ ಕಿತ್ತಳೆ ರಸ.

"ಔಷಧಿ ಮುಗೀತಲ್ಲ ಅತ್ತೆ" ಎಂದೆ.

"ನಮ್ಮಪ್ಪ ಸಂತೆಯಿಂದ ಬಂದಾಗ ಆ ಬಾಟಲಿದೇ ವಾಸನೆ ಹೊಡೀತಿತ್ತು. ಅವನೂ ಔಷಧಿ ಅಂತಲೇ ಅಂತಿದ್ದ" ಎಂದು ಒಂದು ಲೋಟವನ್ನು ನನ್ನ ಕಡೆ ಚಾಚಿದರು. "ಔಷಧಿ ಮುಗಿದ್ರೇನು, ಪಥ್ಯ ಮುಗಿದಿಲ್ಲ ಕಣೇ. ಬಕೆಟ್ ಇಟ್ಟು ಕೂತ್ಕೋ."