ಎಂಜಿನ್ನಿಗೆ ಭಂಡಾರ ಹಾರಿಸಿದ ದಿನ

೧೯೫೩ರಲ್ಲಿ ನಾನು ಆಯಿಲ್ ಎಂಜಿನ್ ಮಾರುವ ಅಂಗಡಿಯೊಂದರಲ್ಲಿ ಫಿಟರ್ ಆಗಿದ್ದೆ. ಮಾರಿದ ಎಂಜಿನ್ನನ್ನು ಹಳ್ಳಿಗೆ ಒಯ್ದು, ಪಾಯದ ಮೇಲೆ ಕೂರಿಸಿ, ಓಡಿಸಿ ತೋರಿಸಿ ಬರುವುದು ನನ್ನ ಕೆಲಸ. ವಯಸ್ಸು ಇಪ್ಪತ್ತಾರು. ಎಂಜಿನ್ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂಬ ಜಂಬವಿತ್ತು. ಅದು ಇಳಿದದ್ದು ಜತ್ತ ತಾಲೂಕಿನ ದರಿಬಡಚಿಯಲ್ಲಿ.

ಅಲ್ಲಿಯ ವ್ಯಾಪಾರಿ ಗುರುಪಾದಪ್ಪನವರು ಉಣ್ಣೆ ಹಿಂಜುವ ಯಂತ್ರ ತರಿಸಿದ್ದರು. ಅದನ್ನು ತಿರುಗಿಸಲು ಹತ್ತು ಹಾರ್ಸ್‌ಪವರಿನ ಹಳೆಯ ಹಾಟ್ ಬಲ್ಬ್ ಎಂಜಿನ್. ಇಂಥ ಎಂಜಿನ್ನು ಹಾಗೇ ಶುರುವಾಗುವುದಿಲ್ಲ. ಅದರ ತಲೆಯ ಕಬ್ಬಿಣದ ಬುರುಡೆಯನ್ನು ಬ್ಲೋ ಲ್ಯಾಂಪಿನ ಉರಿಯಿಂದ ಕಾಲು ಗಂಟೆ ಕಾಯಿಸಿ, ಅದು ಕೆಂಪಗಾದ ಮೇಲೆ ಚಕ್ರ ತಿರುಗಿಸಬೇಕು.

ಕುರಿ ಬಿಟ್ಟರೆ ಬೇರೇನೂ ಕಾಣದ ಆ ಬಯಲಿಗೆ ಯಂತ್ರವೇಕೆ ಎಂದು ನಾನು ಕೇಳಿದೆ. ಉತ್ತರ ಕೊಟ್ಟವನು ಕಂಬಳಿ ನೇಯುವ ಮಾಯಪ್ಪ.

"ಮಗ್ಗ ಲಗೂನ ಓಡತೈತ್ರಿ, ನೂಲ ಲಗೂನ ಬರೂದಿಲ್ಲ. ಹಿಂಜೂದರಾಗ ಹೆಣ್ಮಕ್ಕಳ ಅರ್ಧ ಜೀವ ಹೋಗತೈತಿ. ತಿಂಗಳದಾಗ ಹದಿನೈದ ದಿನ ನಾ ಖಾಲಿ ಮಗ್ಗದ ಮುಂದ ಕುಂದರತೀನಿ."

ದೊಡ್ಡ ದೇಶಗಳಲ್ಲಿ ಕಾರ್ಖಾನೆಗಳು ಹುಟ್ಟಿದ್ದೂ ಇದೇ ಕಾರಣಕ್ಕೆಂದು ಆಮೇಲೆ ಓದಿದೆ. ಒಂದು ಕೈ ಓಡಿ, ಇನ್ನೊಂದು ಕೈ ಹಿಂದೆ ಬಿದ್ದಾಗ ನಡುವೆ ಯಂತ್ರ ಬರುತ್ತದೆ. ಮಾಯಪ್ಪನ ಮನೆಯಲ್ಲಿ ಆ ಹಿಂದೆ ಬಿದ್ದ ಕೈ ಅವನ ಹೆಂಡತಿ ಕೆಂಚವ್ವನದು. ಊರಿನಲ್ಲಿ ಅವಳಷ್ಟು ಸಣ್ಣಗೆ, ಗಂಟಿಲ್ಲದೆ ನೂಲುವವರು ಇನ್ನೊಬ್ಬರಿರಲಿಲ್ಲ; ಊರವರು ಅವಳನ್ನು ನೂಲವ್ವ ಎಂದೇ ಕರೆಯುತ್ತಿದ್ದರು. ಆ ಮನೆ ನಡೆಯುತ್ತಿದ್ದದ್ದೇ ಅವಳ ಹತ್ತು ಬೆರಳುಗಳ ಮೇಲೆ.

ಮೂರು ದಿನ ಪರೀಕ್ಷೆಗೆಂದು ಓಡಿಸಿದೆವು. ಪ್ರತಿ ಸಂಜೆ ತೊಲೆ, ಬೆಲ್ಟು, ನನ್ನ ಹುಬ್ಬು ಎಲ್ಲದರ ಮೇಲೂ ಬೂದು ತುಪ್ಪಳ ಕೂತಿರುತ್ತಿತ್ತು. ಶೆಡ್ಡಿನಲ್ಲಿ ಗಾಳಿ ಅಲುಗುತ್ತಿರಲಿಲ್ಲ. ಕಿಟಕಿ ತೆರೆಯಿರಿ ಎಂದು ಹೇಳಿದೆ.

"ಕಿಡಕಿ ತಗದ್ರ ಹಿಂಜಿದ ಉಣ್ಣಿ ಎಲ್ಲಾ ಹಾರಿ ಹೋಗತೈತ್ರಿ, ಮಿಸ್ತ್ರಿ," ಎಂದರು ಗುರುಪಾದಪ್ಪ.

ನಾನು ಹಟ ಹಿಡಿಯಲಿಲ್ಲ. ಹತ್ತಿಯ ಹಾಗೆ ಉಣ್ಣೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ರಾತ್ರಿ ಮಲಗಿದಾಗ ಆ ಮುಚ್ಚಿದ ಕಿಟಕಿಗಳು ಕಣ್ಣ ಮುಂದೆ ಬರುತ್ತಿದ್ದವು. ಏಕೆಂದು ಹೊಳೆಯಲಿಲ್ಲ.

ನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ, ಊರವರ ಮುಂದೆ ಶುರು ಮಾಡುವುದೆಂದಾಯಿತು. ಶೆಡ್ಡಿನೊಳಗೆ ನಲವತ್ತು ಜನ ತುಂಬಿದ್ದರು. ಬೀಡಿ ಸೇದಬಾರದೆಂದು ಗದರಿಸಿ ಲ್ಯಾಂಪು ಹಚ್ಚಿದೆ. ಬುರುಡೆ ಕೆಂಪಗಾಗುವ ಹೊತ್ತಿಗೆ ಹಿರಿಯರು ಪರಾತದಲ್ಲಿ ಭಂಡಾರ ಹೊತ್ತು ತಂದರು. ಭಂಡಾರವೆಂದರೆ ದೇವರ ಹೆಸರಿನ ಅರಿಸಿನ ಪುಡಿ. ಕುರಿಗಾರರಲ್ಲಿ ಉಣ್ಣೆಗೆ ಸಂಬಂಧಿಸಿದ ಯಾವ ಹೊಸ ಕೆಲಸವೂ ಅದನ್ನು ಹಾರಿಸದೆ ಮೊದಲಾಗುವುದಿಲ್ಲ. ಅವರು ಅದನ್ನು ಹಾರಿಸುತ್ತ ಬಂದದ್ದು ಬಯಲಿನಲ್ಲಿ, ಕುರಿಹಿಂಡಿನ ಮೇಲೆ, ಗುಡಿಯ ಅಂಗಳದಲ್ಲಿ. ಮುಚ್ಚಿದ ಶೆಡ್ಡಿನಲ್ಲಿ, ಉರಿಯುವ ಲ್ಯಾಂಪಿನ ಮುಂದೆ ಎಂದೂ ಅಲ್ಲ.

ಲ್ಯಾಂಪು ಆರಿಸಬೇಕೆಂದು ಒಂದು ಗಳಿಗೆ ಅನಿಸಿತು. ಆರಿಸಿದರೆ ಬುರುಡೆ ತಣ್ಣಗಾಗುತ್ತದೆ, ಮತ್ತೆ ಕಾಲು ಗಂಟೆ ಕಾಯಿಸಬೇಕು, ಜನ ನಗುತ್ತಾರೆ. ಲ್ಯಾಂಪನ್ನು ಹಾಗೇ ಉರಿಯಬಿಟ್ಟೆ.

"ಮೊದಲ ನೂಲವ್ವನ ಕೈಲೆ ಆಗ್ಲಿ," ಎಂದರು ಯಾರೋ. ಕೆಂಚವ್ವ ನಾಚಿಕೊಂಡೇ ಎಂಜಿನ್ನಿನ ಮುಂದೆ ಬಂದಳು. ಬೊಗಸೆ ತುಂಬ ಭಂಡಾರ ಎತ್ತಿಕೊಂಡು "ಚಾಂಗಭಲೋ" ಎಂದು ದೇವರಿಗೆ ಜಯಕಾರ ಹಾಕಿ ಮೇಲಕ್ಕೆ ತೂರಿದಳು. ಹಿಂದಿದ್ದವರೆಲ್ಲ ಹಿಡಿ ಹಿಡಿಯಾಗಿ ಎರಚಿದರು. ಶೆಡ್ಡು ಹಳದಿಯಾಯಿತು. ಮರುಕ್ಷಣ ಆ ಹಳದಿ ಗಾಳಿಯೇ ಹೊತ್ತಿಕೊಂಡಿತು.

ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಕಿ ಬಂದು ಹೋಯಿತು. ನುಣ್ಣನೆಯ ಒಣ ಪುಡಿ ಮುಚ್ಚಿದ ಜಾಗದ ಗಾಳಿಯಲ್ಲಿ ದಟ್ಟವಾಗಿ ತೇಲಿದರೆ ಉರಿ ತಾಕಿದೊಡನೆ ಹೊತ್ತಿಕೊಳ್ಳುತ್ತದೆಂದು ನಾನು ತಿಳಿದದ್ದು ಆಮೇಲೆ. ಕೂದಲು ಸುಟ್ಟ ನಾತ, ಬಾಗಿಲಲ್ಲಿ ನೂಕುನುಗ್ಗಲು. ಉಳಿದವರ ಹುಬ್ಬು, ಮೀಸೆ ಸುಟ್ಟಿದ್ದವು, ಅಷ್ಟೆ. ನಾನು ಆಚೆ ಚಕ್ರದ ಹಿಂದಿದ್ದೆ; ಲ್ಯಾಂಪಿಗೆ ಎಲ್ಲರಿಗಿಂತ ಹತ್ತಿರವಿದ್ದವಳು ಕೆಂಚವ್ವ. ಎತ್ತಿದ ಕೈಗಳನ್ನು ಇಳಿಸದೆ ಹಾಗೇ ನಿಂತಿದ್ದಳು. ಎರಡೂ ಅಂಗೈಯ ಚರ್ಮ ಸುಲಿದು ಜೋತಾಡುತ್ತಿತ್ತು. ಗುರುಪಾದಪ್ಪನವರ ಜೀಪಿನಲ್ಲಿ ಜತ್ತದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ನನಗೆ ಮಾತ್ರ ಅಳು ತಡೆಯಲಾಗಲಿಲ್ಲ.

ಅಂಗಡಿಗೆ ಕಳಿಸುವ ರಿಪೋರ್ಟಿನಲ್ಲಿ 'ಎಂಜಿನ್ನಿಗೆ ಆದ ಹಾನಿ' ಎಂಬ ಕಲಮಿತ್ತು. 'ಇಲ್ಲ' ಎಂದು ಬರೆದೆ. ಅದು ನಿಜವೇ. ಮನುಷ್ಯರಿಗೆ ಆದದ್ದನ್ನು ಬರೆಯಲು ಕಲಮಿರಲಿಲ್ಲ.

ತಿಂಗಳ ಮೇಲೆ ಎಂಜಿನ್ ಮತ್ತೆ ಶುರು ಮಾಡಲು ಹೋದೆ. ಅಷ್ಟರಲ್ಲಿ ಊರು ಒಂದು ತೀರ್ಮಾನಕ್ಕೆ ಬಂದಿತ್ತು: ನೂಲವ್ವನ ಕೈಯ ಭಂಡಾರವನ್ನು ದೇವರು ಒಲ್ಲೆ ಎಂದಿದ್ದಾನೆ. ಶೆಡ್ಡಿನ ಹೊರಗೆ ಕೆಂಚವ್ವ ಕೂತಿದ್ದಳು. ಬೆರಳುಗಳು ಒಳಕ್ಕೆ ಮಡಚಿ ಅಂಟಿಕೊಂಡಿದ್ದವು. ಆ ಕೈ ಇನ್ನು ನೂಲುವಂತಿರಲಿಲ್ಲ. ನನ್ನನ್ನು ಕಂಡು ಎದ್ದಳು.

"ನನ್ನ ಕೈಲೆ ನಿಮ್ಮ ಯಂತ್ರ ಕೆಟ್ಟಿಲ್ಲಲ್ರಿ? ಭಾಳ ಜೀವಕ್ಕ ಹತ್ತೇತಿ ನನಗ."

"ಇಲ್ಲವ್ವ, ಏನೂ ಆಗಿಲ್ಲ," ಎಂದೆ. ಒಳಗೆ ಹೋಗಿ ಲ್ಯಾಂಪು ಹಚ್ಚಿದೆ.

ಆಮೇಲೆ ಮೂವತ್ತು ವರ್ಷ ಎಂಜಿನ್ ಕೂರಿಸಿದೆ. ಹೋದಲ್ಲೆಲ್ಲ ಪೆಟ್ಟಿಗೆ ಬಿಚ್ಚುವ ಮೊದಲು, ಮೊದಲ ದಿನ ನೀವು ಏನು ಎರಚುತ್ತೀರಿ, ಏನು ಹಚ್ಚುತ್ತೀರಿ ಎಂದು ಕೇಳುತ್ತಿದ್ದೆ. ಪೂಜೆ ಮುಗಿದು ಜನ ಹೊರಗೆ ಹೋದ ಮೇಲೆಯೇ ಕಡ್ಡಿ ಗೀರುತ್ತಿದ್ದೆ. ವೃತ್ತಿ ಕಲಿಸಿದ ಪಾಠ ಇದು ಎಂದು ಹೊಸ ಫಿಟರುಗಳಿಗೂ ಹೇಳಿಕೊಟ್ಟಿದ್ದೇನೆ. ಆದರೆ ತಪ್ಪು ನಿನ್ನ ಕೈಯದಲ್ಲವ್ವ, ನನ್ನ ಲ್ಯಾಂಪಿನದು ಎಂದು ಆ ಹೆಂಗಸಿಗೆ ಹೇಳಲು ಒಂದು ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ.