ರೆಸ್ಟ್ ದಿನದ ರೊಟ್ಟಿಗಳು

ಈಗಿನ ಸಂಭಾಜಿನಗರ ಆಗ ಔರಂಗಾಬಾದ್. ಯಜಮಾನರಿಗೆ ಬ್ಯಾಂಕಿನ ಟ್ರಾನ್ಸ್‌ಫರ್ ಆಗಿ ಗುಲ್ಬರ್ಗಾದಿಂದ ಅಲ್ಲಿಗೆ ಹೋಗಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ಹೈಸ್ಕೂಲಿನಲ್ಲಿದ್ದ ಮಗಳು ಅಲ್ಲಿ ಬೇಸ್‌ಬಾಲ್ ಹಿಡಿದಳು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಥ್ರೋಬಾಲ್ ಬಿಟ್ಟು ಬೇರೇನೂ ಆಡಿಸಿರಲಿಲ್ಲ. ಹಾಗಾಗಿ ಅವಳು ಪಿಚರ್ ಆದಾಗ, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡು ಎಸೆಯುವವಳಾದಾಗ, ಅವಳಿಗಿಂತ ನನಗೇ ಜಂಬ.

ನಾಸಿಕ್‌ನಲ್ಲಿ ಸೆಲೆಕ್ಷನ್ ಮ್ಯಾಚ್ ಇತ್ತು. ಅಲ್ಲಿ ಆರಿಸಿದರೆ ರಾಜ್ಯದ ಟೀಮು. ತಿಂಗಳು ಮೊದಲೇ ಅವಳ ಎಸೆತ ಮಂದವಾಯಿತು. ಬಲಗೈ ಎತ್ತಿದರೆ ಭುಜ ನೋವು. ಕೋಚ್ ಸರ್ ಎಸೆತಗಳನ್ನು ಅರ್ಧಕ್ಕೆ ಇಳಿಸಿದರು. ಬುಧವಾರ, ಭಾನುವಾರ ಕಂಪ್ಲೀಟ್ ರೆಸ್ಟ್ ಎಂದರು. ಆ ದಿನಗಳಲ್ಲಿ ನಾನು ಬಹಳ ಸಿನ್ಸಿಯರ್ ಆಗಿ ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ.

ಚೆಂಡಿಗೇನೋ ರೆಸ್ಟ್ ಸಿಕ್ಕಿತು. ಪ್ರಾಕ್ಟೀಸ್ ಇಲ್ಲದೆ ಹುಡುಗಿ ಮನೆಯಲ್ಲೇ ಇರುತ್ತಾಳಲ್ಲ ಎಂದು ನಮ್ಮತ್ತೆ ಅವಳನ್ನು ಜೋಳದ ಹಿಟ್ಟಿನ ಮುಂದೆ ಕೂರಿಸುತ್ತಿದ್ದರು. ಇಪ್ಪತ್ತು ರೊಟ್ಟಿ. ನಾದಬೇಕು, ಅಂಗೈಯಿಂದ ಬಡಿದು ಬಡಿದು ಅಗಲ ಮಾಡಬೇಕು. ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ಸಜ್ಜೆ ರೊಟ್ಟಿಯೂ ಸೇರಿತು. ಸಂಜೆ ನಾನು ಎಣ್ಣೆ ಕಾಯಿಸಿ ಅವಳ ಭುಜಕ್ಕೆ ಹಚ್ಚುತ್ತ, ಎಲ್ಲ ಆ ಬಾಲ್‌ನ ಕಾಟ ಎನ್ನುತ್ತಿದ್ದೆ. ರೊಟ್ಟಿ ಬಡಿಯುವುದೂ ಒಂದು ದಣಿವೆಂದು ನಮ್ಮ ಕಡೆ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಒಂದು ಬುಧವಾರ ಮ್ಯಾಚಿನ ಫಾರ್ಮಿಗೆ ಸಹಿ ಹಾಕಿಸಿಕೊಳ್ಳಲು ಕೋಚ್ ಮನೆಗೆ ಬಂದರು. ಅಡುಗೆಮನೆಯ ಬಡಿತ ಕೇಳಿ ಯಾರೆಂದು ವಿಚಾರಿಸಿದರು. ಮಗಳೇ ರೊಟ್ಟಿ ಬಡಿಯುತ್ತಿದ್ದಾಳೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಫಾರ್ಮನ್ನು ಕೆಳಗಿಟ್ಟು, ಇದಕ್ಕೇ ರೆಸ್ಟ್ ಅನ್ನುತ್ತೀರಾ ವಹಿನಿ, ಎಂದು ಅತ್ತಿಗೆಗೆ ಹೇಳುವ ಹಾಗೆ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು.

ಅತ್ತೆ ಒಳಗಿನಿಂದಲೇ, "ರೊಟ್ಟಿ ಬಡದ್ರ ಕೈ ಗಟ್ಟಿ ಆಗ್ತಾವ ಅಂತ ಹೇಳವಾ ಆ ಮಾಸ್ತರಗ," ಎಂದರು.

"ಅಕಿ ಕೈ ದಣದದ ರಿ ಅತ್ತಿ. ಇನ್ನ ಮ್ಯಾಲ ನಾ ಬಡೀತೀನಿ."

"ನೀನಾ? ನಿಮ್ಮ ಸಿಸ್ಟರಗೋಳು ರೊಟ್ಟಿ ಒಂದು ಬಿಟ್ಟು ಎಲ್ಲಾ ಕಲಿಸ್ಯಾರ ನಿನಗ."

ಎರಡು ವಾರ ಎಲ್ಲರೂ ನನ್ನ ಹರಿದ ರೊಟ್ಟಿ ತಿಂದರು. ಭುಜ ಸುಧಾರಿಸಿತು, ಪೂರ್ತಿ ಅಲ್ಲ.

ನಾಸಿಕ್‌ನಲ್ಲಿ ಮಗಳು ಮೂರು ಇನ್ನಿಂಗ್ಸ್ ಚೆನ್ನಾಗಿ ಎಸೆದಳು. ನಾಲ್ಕನೆಯದಕ್ಕೆ ಮೊದಲು ಅವಳು ಭುಜ ಒತ್ತಿಕೊಳ್ಳುವುದನ್ನು ಕಂಡ ಕೋಚ್, ನೀವೇ ಹೇಳಿ ಎಂಬಂತೆ ಮೈದಾನದ ಅಂಚಿನಲ್ಲಿ ಕೂತಿದ್ದ ನನ್ನತ್ತ ನೋಡಿದರು. ಅವಳು ಓಡಿ ಬಂದಳು.

"ಮಮ್ಮಿ, ಬರೇ ಒಂದೇ ಇನ್ನಿಂಗ್ಸ್. ಸೆಲೆಕ್ಟರ್ಸ್ ಈಗಷ್ಟ ಬಂದು ಕುಂತಾರ."

ನನಗೂ ಆಸೆಯಿತ್ತು, ಸುಳ್ಳೇಕೆ ಹೇಳಲಿ. "ಬ್ಯಾಡವಾ," ಎಂದೆ.

ಉಳಿದದ್ದನ್ನು ಬೇರೆ ಹುಡುಗಿ ಎಸೆದಳು. ಸಂಜೆಯ ಪಟ್ಟಿಯಲ್ಲಿ ಆ ಹುಡುಗಿಯ ಹೆಸರಿತ್ತು, ನನ್ನ ಮಗಳದಿರಲಿಲ್ಲ. ರೈಲು ಮನ್ಮಾಡ್ ದಾಟಿತು. ಮಗಳು ಕಿಟಕಿಯ ಕಡೆ ಮುಖ ಇಟ್ಟುಕೊಂಡೇ, ಮುಂದಿನ ವರ್ಷ ಆಡಬಹುದಲ್ಲ ಎಂದು ಕೇಳಿದಳು. ಆಡಬಹುದು ಎಂದೆ.

ಇನ್ನೂ ಮೂರು ವರ್ಷ ಆಡಿದಳು, ಭುಜ ನೋವಿಲ್ಲದೆ. ರಾಜ್ಯದ ಟೀಮು ಮಾತ್ರ ಸಿಗಲೇ ಇಲ್ಲ. ಅವತ್ತು ನಾನು ಬೇಡವೆಂದದ್ದು ಅವಳಿಗೆ ಸರಿ ಅನ್ನಿಸಿತೋ ಇಲ್ಲವೋ, ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.