ಗುಡಿಸಲಲ್ಲಿದ್ದ ಮಾತ್ರೆ ಡಬ್ಬಿ

ಸೂಕ್ಷ್ಮದರ್ಶಕದಲ್ಲಿ ಕಾಣದ್ದನ್ನು ನಾನು ನಂಬಿದವಳಲ್ಲ. ಗಾಳಿ, ದೆವ್ವದ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಈಗ ನಂಬುತ್ತೇನೆಂದೂ ಹೇಳುವುದಿಲ್ಲ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಎಂಬತ್ತರ ದಶಕದ ಆರಂಭ. ನಾನು ಎಂ.ಎಸ್ಸಿ. ಮುಗಿಸಿದ್ದೆ. ಅಪ್ಪನ ಪಿತ್ತನಾಳದಲ್ಲಿ ಕಲ್ಲಾಗಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ, ಹೊಟ್ಟೆಗೆ ಹಾಕಿದ್ದ ರಬ್ಬರ್ ನಳಿಗೆಯ ಸಮೇತ ದೊಡ್ಡೇರಿ ಹತ್ತಿರದ ನಮ್ಮ ಹಟ್ಟಿಗೆ ಕರೆತಂದಿದ್ದೆವು. ಅಲ್ಲಿ ನಂಜಾದರೆ ಯಕೃತ್ತಿಗೇ ಏರುತ್ತದೆ, ಆರು ಗಂಟೆಗೊಂದು ಮಾತ್ರೆ, ಒಂದು ಹೊತ್ತೂ ತಪ್ಪಕೂಡದು ಎಂದು ಡಾಕ್ಟರು ನನಗೇ ಹೇಳಿದ್ದರು. ಗಡಿಯಾರ ನೋಡಿ ನಾನೇ ಕೊಡುತ್ತಿದ್ದೆ.

ಮೂರನೆಯ ದಿನ, ಬೆಳಗಿನ ಮಾತ್ರೆ ಕೊಟ್ಟು ಡಬ್ಬಿ ಮುಚ್ಚುವಾಗ ಮುಟ್ಟಾದೆ. ನಮ್ಮಲ್ಲಿ ಮೂರು ದಿನ ಬೇಲಿಯಾಚೆಯ ಗುಡಿಸಲಲ್ಲಿರಬೇಕು. ಕೈಯಲ್ಲಿದ್ದ ಡಬ್ಬಿಯೂ ಮೈಲಿಗೆಯಾಗಿ ನನ್ನ ಜೊತೆ ಹೊರಗೆ ಬಂತು. ಅದನ್ನಾದರೂ ಒಳಗೆ ಒಯ್ಯಿ ಎಂದು ಅವ್ವನನ್ನು ಬೇಡಿಕೊಂಡೆ. "ಎಮ್ಮೆಸ್ಸಿ ಓದ್ಬುಟ್ರೆ ಮೈಲಿಗೆ ಬುಟ್ಟೋಯ್ತದಾ?" ಎಂದಳು. ಹೊಸ ಮಾತ್ರೆ ತರಲು ಅಣ್ಣನನ್ನು ಮಧುಗಿರಿಗೆ ಕಳಿಸಿದಳು. ನನಗೆ ಹೊಸ ಮಡಕೆಯಲ್ಲಿ ನೀರಿಟ್ಟು, ಅಣ್ಣನ ಬದಲು ತಾನೇ ಕುರಿ ಹೊಡೆದುಕೊಂಡು ಹೋದಳು. ಮನೆಯಲ್ಲಿ ಅಪ್ಪ ಒಬ್ಬನೇ.

ಹನ್ನೆರಡಾಯಿತು. ಅಣ್ಣ ಬರಲಿಲ್ಲ. ಅಪ್ಪನ ಕೆಮ್ಮು ಕೇಳುತ್ತಿತ್ತು. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಯಾರಿಗೂ ಹೇಳದ ಮಾತಿದು: ನನ್ನನ್ನು ತಡೆದದ್ದು ಬೇಲಿಯಲ್ಲ. ಆಮೇಲೆ ಅಪ್ಪನಿಗೇನಾದರೂ ಆದರೆ ನನ್ನ ಮೈಲಿಗೆಯಿಂದಲೇ ಆಯಿತೆನ್ನುತ್ತಾರೆ ಎಂಬ ಭಯ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮಾತ್ರೆ ಎಣಿಸಿದೆ. ಹನ್ನೊಂದು. ಸಂಜೆ ಆರಕ್ಕೂ ಹಾಗೆಯೇ ಕೂತಿದ್ದೆ; ಕುರಿ ಹೊಡೆದುಕೊಂಡು ಹೋದ ಅವ್ವ ಇನ್ನೂ ಬಂದಿರಲಿಲ್ಲ.

ಮಧುಗಿರಿಯಲ್ಲಿ ಮಾತ್ರೆ ಸಿಗದೆ ತುಮಕೂರಿಗೆ ಹೋಗಿದ್ದ ಅಣ್ಣ ಎಂಟರ ಬಸ್ಸಿಗೆ ಬಂದ. ಆಮೇಲೆ ಅವ್ವ ಮುದ್ದೆ ತಂದು ದೂರದಲ್ಲಿಟ್ಟು, ದನಿ ತಗ್ಗಿಸಿ ಕೇಳಿದಳು: "ಯಾಕವ್ವ ಒಳಕ್ಕೆ ಬಂದಿದ್ದೆ? ಮಧ್ಯಾಹ್ನ ಒಂದ್ಸಲ, ಸಂಜೆ ಒಂದ್ಸಲ ಮಗಳು ಬಂದು ಮಾತ್ರೆ ನುಂಗ್ಸಿದ್ಲು ಅಂತವ್ರೆ ನಿಮ್ಮಪ್ಪ. ನೀರು ಹೊಸ ಮಡಕೆ ವಾಸ್ನೆ ಇತ್ತಂತೆ."

ನಾನು ಬಂದಿಲ್ಲ ಎಂದೆ.

"ಇರ್ಲಿ ಬುಡು. ಯಾರ್ ಕುಟ್ಟೂ ಅನ್ಬ್ಯಾಡ," ಎಂದು ಹೋದಳು.

ಡಬ್ಬಿ ತೆರೆದೆ. ಒಂಬತ್ತಿದ್ದವು.

ಅಪ್ಪನಿಗೆ ಜ್ವರ ಬರಲಿಲ್ಲ. ನಳಿಗೆ ತೆಗೆದ ದಿನ ಡಾಕ್ಟರು, ಹೊತ್ತು ತಪ್ಪದೆ ಕೊಟ್ಟಿದ್ದೀರಿ ಎಂದು ಹೊಗಳಿದಾಗ ನಾನು ತಲೆ ತಗ್ಗಿಸಿದೆ. ಎಣಿಕೆ ತಪ್ಪಿತೆ, ಅರಿವಿಲ್ಲದೆ ನಡೆದೆನೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮನೆಯವರು ಕುಡಿಯುತ್ತಿದ್ದುದು ಹಿತ್ತಾಳೆ ಕೊಡದ ನೀರು. ಹೊಸ ಮಡಕೆ ಇದ್ದದ್ದು ನನ್ನ ಬಳಿ ಮಾತ್ರ. ಹೋಗಬೇಕಾದಾಗ ಹೋಗದೆ ಕೂತವಳು ನಾನು. ಹೋದವಳು ಯಾರೆಂದು ಇವತ್ತಿಗೂ ತಿಳಿಯದು.